ಚೆಲುವಯ್ಯನ ನಾಲ್ಕು ಅಂಕಿಗಳು

ಮಾಗಡಿ ಸೀಮೆಯಲ್ಲಿ ನಲವತ್ತು ದಾಟಿದವರು ಯಾರೇ ಸಿಗಲಿ, ನಿಲ್ಲಿಸಿ ಕೇಳಿ, ‘ಚೆಲುವಯ್ಯ ಸೌಂಡ್ಸ್’ ಗೊತ್ತಾ ಅಂತ. ಗೊತ್ತಿಲ್ಲ ಅಂದರೆ ಅವರು ಈ ಸೀಮೆಯವರಲ್ಲ, ಇಲ್ಲವೇ ಅವರಿಗೆ ಮದುವೆಯೇ ಆಗಿಲ್ಲ. ಎಪ್ಪತ್ತೆಂಟರಿಂದ ಎರಡು ಸಾವಿರದ ಆರರವರೆಗೆ ಈ ಕಡೆ ಎಲ್ಲಿ ಚಪ್ಪರ ಎದ್ದರೂ ಪಕ್ಕದ ತೆಂಗಿನಮರಕ್ಕೆ ಎರಡು ಕಹಳೆ ಸ್ಪೀಕರು ಏರುತ್ತಿದ್ದವು. ಅವು ಚೆಲುವಯ್ಯನವು. ಮದುವೆಮನೆಯ ಯಜಮಾನ ಬೆಳಗಾಗೆದ್ದು ಮೊದಲು ಕೇಳುತ್ತಿದ್ದದ್ದು ‘ಮೈಕ್‌ನೋರು ಬಂದ್ರಾ’ ಅಂತ. ಪುರೋಹಿತರ ವಿಚಾರ ಆಮೇಲೆ. ಆಮೇಲಾಮೇಲೆ ಆಳೆತ್ತರದ ಡೀಜೆ ಪೆಟ್ಟಿಗೆಗಳು ಬಂದವು, ಎದೆಯೊಳಗಿನ ಗುಂಡಿಗೆ ಅಲುಗಾಡಿಸುವ ಸದ್ದು ಬಂತು, ಚೆಲುವಯ್ಯ ತನ್ನ ಕಹಳೆಗಳನ್ನು ಅಟ್ಟಕ್ಕೆ ಹಾಕಿ ತೆಂಗಿನ ತೋಟ ನೋಡಿಕೊಂಡಿದ್ದ.

ಅವನ ತಮ್ಮನ ಮಗಳು ಭಾನುಪ್ರಿಯ. ಮೂವತ್ತನಾಲ್ಕು ವರ್ಷ. ರಾಮನಗರದಲ್ಲಿ ಆಫ್ತಾಬ್ ಎಂಬ ಗೆಳೆಯನ ಜೊತೆ ಸೇರಿ ಒಂದು ಪುಟ್ಟ ಕಂಪನಿ ನಡೆಸುತ್ತಾಳೆ. ಕಂಪನಿ ಅಂದರೆ ಆಫ್ತಾಬನ ಅಪ್ಪನ ರೇಷ್ಮೆ ನೂಲು ತೆಗೆಯುವ ಫಿಲೇಚರಿನ ಮೇಲಿನ ಒಂದು ಕೋಣೆ. ಕೆಳಗೆ ಗೂಡು ಬೇಯುವ ವಾಸನೆ, ಮೇಲೆ ಎರಡು ಕಂಪ್ಯೂಟರು. ನೆಂಟರೆಲ್ಲ ಅವಳು ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ ಅಂತಲೇ ತಿಳಿದಿದ್ದಾರೆ, ಅವಳೂ ತಿದ್ದುವ ಗೋಜಿಗೆ ಹೋಗಿಲ್ಲ. ಅವರು ಮಾಡುವುದು ಆಡಿಯೋ ಪ್ಲಗಿನ್. ಸ್ಟುಡಿಯೋದವರು ಹಾಡು ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಇರುತ್ತದಲ್ಲ, ಅದರೊಳಕ್ಕೆ ಸಿಕ್ಕಿಸಿಕೊಳ್ಳುವ ಸಣ್ಣ ತಂತ್ರಾಂಶ. ಹಾಡಿದ ದನಿ ಇದರೊಳಗೆ ಹಾದು ಬಂದರೆ ಬಾವಿಯೊಳಗೆ ಹಾಡಿದಂತೆಯೋ, ಹಳೆಯ ರೇಡಿಯೋದಲ್ಲಿ ಬಂದಂತೆಯೋ ಕೇಳುತ್ತದೆ.

ದೊಡ್ಡಪ್ಪನ ಹಳೆಯ ಆಂಪ್ಲಿಫೈಯರಿನ ದನಿಯನ್ನೇ ಒಂದು ಪ್ಲಗಿನ್ ಮಾಡಿದರೆ ಹೇಗೆ ಅಂತ ಅವಳಿಗೆ ಹೊಳೆದದ್ದು ಎರಡು ತಿಂಗಳ ಹಿಂದೆ. ಹೊಳೆದ ವಾರವೇ ಮಾಗಡಿ ಬಸ್ಸು ಹತ್ತಿದಳು. ಚೆಲುವಯ್ಯ ಅಟ್ಟದಿಂದ ಪೆಟ್ಟಿಗೆ ಇಳಿಸಿಕೊಟ್ಟು, ಪಂಚೆಯಿಂದ ಧೂಳು ಒರೆಸುತ್ತಾ ನಕ್ಕ.

“ಇದ ಹೊತ್ಕಂಡೋಗಿ ಏನ್ ಮಾಡೀಯವ್ವಾ? ಇದ್ರಲ್ಲಿ ಇನ್ನೇನೈತೆ?”

“ಇದರ ದನಿ ಹಿಡಿದಿಡ್ತೀನಿ ದೊಡ್ಡಪ್ಪ.”

“ದನಿಯೇನು ಕೋಳಿಯಾ, ಅಟ್ಟಾಡ್ಸಿ ಹಿಡಿಯಾಕೆ!”

ನಗುತ್ತಲೇ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದುಕೊಟ್ಟ. ರಟ್ಟು ಹೋಗಿ ಸಿಮೆಂಟ್ ಚೀಲದ ಕಾಗದದ ಹೊದಿಕೆ ಹಾಕಿದ್ದ ಪುಸ್ತಕ. ಹೊಸ ಜಾಗಕ್ಕೆ ಮೈಕ್ ಹಾಕಲು ಹೋದಾಗಲೆಲ್ಲ ಅಲ್ಲಿ ಪೆಟ್ಟಿಗೆಯ ಯಾವ ನಾಬ್ ಎಷ್ಟಕ್ಕೆ ತಿರುಗಿಸಿಟ್ಟರೆ ದನಿ ಚೆನ್ನಾಗಿ ಬಂತು ಅಂತ ಅದರಲ್ಲಿ ಬರೆದಿದ್ದ. ಊರು, ಇಸವಿ, ಏನು ಸಮಾರಂಭ, ಯಾರ ದನಿ, ಆಮೇಲೆ ನಾಲ್ಕು ಅಂಕಿ. ಕೊನೆಗೆ ಒಂದು ಷರಾ, ‘ಯಾರೂ ಬೈಯಲಿಲ್ಲ’ ಅಂತಲೋ ‘ಮುದುಕರು ಬೈದರು’ ಅಂತಲೋ. ಇನ್ನೂರ ಹನ್ನೆರಡು ಸಾಲುಗಳು. ಭಾನುಪ್ರಿಯಳಿಗೆ ನಿಧಿ ಸಿಕ್ಕಂತಾಯಿತು. ಒಂದು ಜಾಗದ ಗಾಳಿಗೆ, ಒಂದು ಗಂಟಲಿಗೆ ಇಷ್ಟಿಷ್ಟೇ ಅಂತ ಅಳೆದು ಬರೆದಿಟ್ಟವರು ದೊಡ್ಡ ದೊಡ್ಡ ಸ್ಟುಡಿಯೋಗಳಲ್ಲೂ ಕಡಿಮೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನ ದೊಡ್ಡಪ್ಪ ಬರೆದಿದ್ದಾನೆ ಅಂತ ಅವಳಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ರಾಮನಗರಕ್ಕೆ ಬಂದಳು.

ಇನ್ನು ಕೆಲಸದ ವಿಚಾರ. ಪ್ಲಗಿನ್‌ನಲ್ಲಿ ಒಂದು ನಾಬ್ ಇಡಬೇಕೆಂದರೆ ಅದರ ಬಗ್ಗೆ ಏಳೆಂಟು ಕಡೆ ಕೋಡ್ ಬರೆಯಬೇಕು. ಪರದೆಯ ಮೇಲೆ ಬಿಡಿಸುವ ಕಡೆ ಒಂದು, ದನಿ ಬದಲಿಸುವ ಕಡೆ ಒಂದು, ಉಳಿಸಿಡುವ ಕಡೆ ಒಂದು, ಉಳಿಸಿದ್ದನ್ನು ಮತ್ತೆ ತೆರೆಯುವ ಕಡೆ ಇನ್ನೊಂದು. ಕೈಯಲ್ಲಿ ಬರೆದರೆ ಎಲ್ಲಾದರೂ ಕಾಲು ಜಾರುವುದು ಖಂಡಿತ. ಅದಕ್ಕೇ ಭಾನುಪ್ರಿಯ ಕೈಯಲ್ಲಿ ಬರೆಯುವುದನ್ನೇ ಬಿಟ್ಟಿದ್ದಳು. ಅವಳು ಬರೆಯುತ್ತಿದ್ದದ್ದು ಒಂದು ಪಟ್ಟಿ ಮಾತ್ರ. ಯಾವ ನಾಬ್, ಎಷ್ಟನೆಯದು, ಎಲ್ಲಿಂದ ಎಲ್ಲಿಯವರೆಗೆ ತಿರುಗುತ್ತದೆ, ಅದರ ಕೆಲಸವೇನು, ಇಷ್ಟೇ. ಮೆಟಾಡೇಟಾ ಅಂತಾರೆ ಅದಕ್ಕೆ. ಆ ಪಟ್ಟಿಯನ್ನು ಓದಿಕೊಂಡು ಕೋಡನ್ನೆಲ್ಲ ಬರೆದುಕೊಡಲು ಇನ್ನೊಂದು ಪ್ರೋಗ್ರಾಮು ಮಾಡಿಟ್ಟುಕೊಂಡಿದ್ದಳು. ಪಟ್ಟಿ ಬದಲಾಯಿಸಿದರೆ ಕಣ್ಣು ಮಿಟುಕಿಸುವುದರೊಳಗೆ ಸಾವಿರಾರು ಸಾಲು ತಾವಾಗಿ ಬದಲಾಗುತ್ತಿದ್ದವು. ಇದನ್ನು ಒಮ್ಮೆ ದೊಡ್ಡಮ್ಮ ವೆಂಕಟಲಕ್ಷ್ಮಮ್ಮನಿಗೆ ಹೇಳಹೋಗಿ ಭಾನುಪ್ರಿಯ ತೊದಲಿದಾಗ, ದೊಡ್ಡಮ್ಮನೇ ದಾರಿ ತೋರಿಸಿದಳು.

“ಒತ್ತು ಶ್ಯಾವಿಗೆ ಒರಳು ಇದ್ದಂಗೆ ಅನ್ನು. ಹಿಟ್ಟು ನಾದಿ ತುಂಬೋದು ನೀನು, ಎಳೆ ಇಳ್ಸೋದು ಅದು.”

“ಹೂಂ ದೊಡ್ಡಮ್ಮ, ಅದೇ.”

“ಬಿಲ್ಲೆ ಸರ್ಯಾಗಿ ಕೂರ್ಸು ಮಗಾ. ಬಿಲ್ಲೆ ಸೊಟ್ಟಗಾದ್ರೆ ಇಳ್ದಿದ್ದೆಲ್ಲಾ ಸೊಟ್ಟಗೇ.”

ನಕ್ಕು ಮರೆತುಬಿಟ್ಟಳು. ದೊಡ್ಡವರ ಮಾತಿಗೆ ನಾವೆಲ್ಲ ಮಾಡುವುದು ಅದನ್ನೇ ತಾನೆ.

ಆಂಪ್ಲಿಫೈಯರಿನ ಮುಖದಲ್ಲಿ ನಾಲ್ಕು ನಾಬ್‌ಗಳಿದ್ದವು. ಹೆಸರು ಬರೆದಿದ್ದ ಬಣ್ಣ ಎಂದೋ ಉಜ್ಜಿಹೋಗಿತ್ತು. ಆಫ್ತಾಬ್ ಪೆಟ್ಟಿಗೆ ಬಿಚ್ಚಿ ತಂತಿ ಹಿಡಿದು ನೋಡಿ ಹೇಳಿದ, ಎಡಗಡೆಯಿಂದ ಮೊದಲನೆಯದು ಹಾಡುವವರ ದನಿ ಎಳೆದುಕೊಳ್ಳುವ ಮೈಕ್, ಎರಡನೆಯದು ದನಿ ದಪ್ಪ ಮಾಡುವ ಬಾಸ್, ಮೂರನೆಯದು ಅಕ್ಷರ ಬಿಡಿಸಿ ತೋರುವ ಟ್ರಿಬಲ್, ನಾಲ್ಕನೆಯದು ಮೇನ್ ವಾಲ್ಯೂಮ್. ಅದು ಸರಿಯಾಗಿಯೇ ಇತ್ತು. ಒಂದೊಂದು ನಾಬನ್ನೂ ತಿರುಗಿಸಿ, ದನಿ ಹೇಗೆ ಬದಲಾಗುತ್ತದೆ ಅಂತ ಅಳೆದು, ಆ ಲೆಕ್ಕವನ್ನೆಲ್ಲ ಅವನು ಬರೆದ. ಭಾನುಪ್ರಿಯ ಪಟ್ಟಿ ಬರೆದಳು. ಮೊದಲನೆಯ ಅಂಕಿ ಮೈಕ್, ಎರಡನೆಯದು ಬಾಸ್, ಹಾಗೆ. ನೋಟ್‌ಬುಕ್ಕಿನ ಇನ್ನೂರ ಹನ್ನೆರಡು ಸಾಲನ್ನೂ ಟೈಪಿಸಿ ಅದರ ಕೆಳಗೆ ಸೇರಿಸಿದಳು. ಪ್ರೋಗ್ರಾಮು ಓಡಿತು. ಪ್ಲಗಿನ್ ತಯಾರಾಯಿತು. ಪರೀಕ್ಷೆಗಳೆಲ್ಲ ಪಾಸಾದವು. ಹೆಸರು ಏನಿಡುವುದು ಅಂತ ಯೋಚಿಸುವ ಅಗತ್ಯವೇ ಬೀಳಲಿಲ್ಲ. ‘ಚೆಲುವಯ್ಯ.’

ಒಂದು ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪು, ಒಂದು ಮೈಕು, ಒಂದು ಒಳ್ಳೆಯ ಸ್ಪೀಕರು ಹಿಡಿದು ಮಾಗಡಿಗೆ ಹೋದಳು. ಚೆಲುವಯ್ಯ ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಎಪ್ಪತ್ತೊಂದು ವಯಸ್ಸಿನ ಮುದುಕ ಹೆಣ್ಣು ನೋಡಲು ಹೊರಟ ಗಂಡಿನ ಹಾಗೆ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ. ಭಾನುಪ್ರಿಯ ಮೊದಲು ದೊಡ್ಡಮ್ಮನನ್ನು ಮೈಕಿನ ಮುಂದೆ ಕೂರಿಸಿ ಅರಿಶಿನ ಹಚ್ಚುವಾಗಿನ ಒಂದು ಸೋಬಾನೆ ಹಾಡಿಸಿ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ಪ್ಲಗಿನ್ ತೆರೆದು ‘ದೊಡ್ಡಆಲಹಳ್ಳಿ, ೧೯೮೨’ ಅನ್ನುವ ಸಾಲನ್ನು ಆರಿಸಿದಳು.

ಆ ಸಾಲನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ವೆಂಕಟಲಕ್ಷ್ಮಮ್ಮನ ತವರು ದೊಡ್ಡಆಲಹಳ್ಳಿ. ಅಲ್ಲಿನ ಒಂದು ಮದುವೆಗೆ ಮೈಕ್ ಹಾಕಲು ಹೋದ ಚೆಲುವಯ್ಯ, ಹೆಣ್ಣಿನ ಕಡೆ ಸೋಬಾನೆ ಹೇಳುತ್ತಿದ್ದ ಒಬ್ಬಳ ದನಿ ಕೇಳಿ, ಮಾರನೆಯ ದಿನವೂ ಏನೋ ವೈರು ಮರೆತೆ ಅಂತ ನೆಪ ಹೇಳಿ ಅದೇ ಊರಿಗೆ ಹೋಗಿದ್ದ. ಆರು ತಿಂಗಳಿಗೆ ಮದುವೆ. ಈ ಕಥೆ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಆ ಸಾಲಿನಲ್ಲಿದ್ದ ಅಂಕಿಗಳು ಎಂಟು, ಆರು, ಎರಡು, ಮೂರು.

ಭಾನುಪ್ರಿಯ ಗುಂಡಿ ಒತ್ತಿದಳು. ದನಿ ಬಂತು. ಗುಂಯ್ ಅನ್ನುವ ದಪ್ಪ ದನಿ, ಅಕ್ಷರವೊಂದೂ ಬಿಡಿಸಿ ಕೇಳದು, ದನಿ ಏರಿದಾಗಲೆಲ್ಲ ಪರಪರ ಅಂತ ಒಡಕು.

ವೆಂಕಟಲಕ್ಷ್ಮಮ್ಮ ಪಕಪಕ ನಕ್ಕಳು. “ಇದ್ಯಾರವ್ವ, ಗುಡಾಣದೊಳ್ಗೆ ತಲೆ ಇಕ್ಕಂಡು ಬಡ್ಕತಾ ಅವ್ಳೆ?”

ಚೆಲುವಯ್ಯ ನಗಲಿಲ್ಲ. “ಇನ್ನೊಂದ್ಸಲ ಹಾಕು” ಅಂದ. ಹಾಕಿದಳು. “ಬ್ಯಾರೆ ಊರಿಂದು ಹಾಕು.” ಕುದೂರಿನದು ಹಾಕಿದಳು, ಸಾತನೂರಿನದು ಹಾಕಿದಳು. ಎಲ್ಲವೂ ಅದೇ ಗುಡಾಣ, ಅದೇ ಒಡಕು.

“ಇದು ನಾನ್ ಬರ್ದಿರೋ ಲೆಕ್ಕದಂಗೇ ಬತ್ತಾ ಐತಾ?”

ಭಾನುಪ್ರಿಯ ಹೆಮ್ಮೆಯಿಂದ ಹೇಳಿದಳು, “ಒಂದಂಕಿನೂ ಆಚೀಚೆ ಆಗಿಲ್ಲ ದೊಡ್ಡಪ್ಪ. ಕೋಡಿಗೆ ನನ್ನ ಕೈ ಕೂಡ ಸೋಕಿಲ್ಲ. ನೀನು ಬರೆದಿದ್ದನ್ನ ನೋಡ್ಕೊಂಡು ಪ್ರೋಗ್ರಾಮೇ ಎಲ್ಲಾ ಬರೆದಿರೋದು.”

“ಹಂಗಾ.” ಅವನು ಎದ್ದ. ಚಪ್ಪಲಿ ಮೆಟ್ಟಿಕೊಳ್ಳುತ್ತಾ, ಬೆನ್ನು ಮಾಡಿಕೊಂಡೇ ಹೇಳಿದ, “ನನ್ನೆಸ್ರು ಹಾಕ್ಬ್ಯಾಡ ಕಣವ್ವ ಅದ್ಕೆ.”

ಅವನಿಗೆ ಇಷ್ಟವಾಗಲಿಲ್ಲ, ವಯಸ್ಸಾದವರಿಗೆ ಹೊಸದು ಬೇಗ ಹಿಡಿಸುವುದಿಲ್ಲ ಅಂದುಕೊಂಡು ಭಾನುಪ್ರಿಯ ಬಸ್ಸು ಹತ್ತಿದಳು. ಆದದ್ದು ಅದಲ್ಲ ಅಂತ ತಿಳಿದದ್ದು ಬುಧವಾರ, ದೊಡ್ಡಮ್ಮ ಫೋನ್ ಮಾಡಿದಾಗ.

“ಏನ್ ಮಾಡ್ಬುಟ್ಟು ಹೋದೆ ಮಗಾ ನೀನು? ನಿಮ್ ದೊಡ್ಡಪ್ಪ ಮೂರು ದಿನದಿಂದ ಸರ್ಯಾಗಿ ಮುದ್ದೆ ಮುರೀತಾ ಇಲ್ಲ. ನಿನ್ನೆ ಸಂತೇಲಿ ದೊಡ್ಡಹನುಮಯ್ಯ ಸಿಕ್ಕಿದ್ನಂತೆ. ಅವನ್ನ ಹಿಡ್ಕಂಡು, ‘ನಿನ್ನ ಮದ್ವೇಲಿ ನನ್ನ ಮೈಕು ಕಿವಿಗೆ ಹಿಂಸೆ ಆಯ್ತಾ, ಆಗ್ಲೇ ಹೇಳ್ಬಾರ್ದಾಗಿತ್ತಾ’ ಅಂದವ್ರೆ. ಅವನು ಬೆಪ್ಪಾಗಿ ಮನೆಗಂಟ ಬಂದು ನನ್ನ ಕೇಳಿದ, ಚೆಲುವಣ್ಣಂಗೆ ಏನಾರ ಆಗೈತಾ ಅಂತ.”

ಭಾನುಪ್ರಿಯಳ ಕೈಯಲ್ಲಿ ಕಾಫಿ ಲೋಟ ಇತ್ತು. ಕೆಳಗಿಟ್ಟಳು.

“ನಿಮ್ಮಣ್ಣ ಬಾಲರಾಜಂಗೆ ಹೇಳವ್ರೆ, ಭಾನುವಾರ ಗುಜರಿಯೋನ ಕರ್ಕಂಬಾ, ಆ ಕಹಳೆಗಳ್ನ ಹಾಕ್ಬುಡಾಣ ಅಂತ. ರಾತ್ರೆ ನನ್ನ ಕೇಳ್ತಾರೆ ಕಣವ್ವಾ, ‘ನಿನ್ನ ದನೀನ ಇಪ್ಪತ್ನಾಕು ವರ್ಷ ಹಂಗೆ ಕೆಡ್ಸಿದ್ನಾ ನಾನು? ನೀನಾರ ಯಾಕೆ ಹೇಳ್ಲಿಲ್ಲ?’ ಅಂತ. ನಾನೇನ್ ಹೇಳ್ಲಿ? ನಾನು ಹಾಡ್ತಿದ್ದೆ, ಮರದ್ಮೇಲೆ ಏನ್ ಕೇಳ್ತಿತ್ತೋ ನಂಗೇನ್ ಗೊತ್ತು?”

ಆಗ ಅವಳಿಗೆ ತಾನು ಮಾಡಿದ್ದೇನು ಅಂತ ಅರ್ಥವಾಯಿತು. ಯಂತ್ರ ಸುಳ್ಳು ಹೇಳುವುದಿಲ್ಲ ಅಂತ ಆ ಮನುಷ್ಯ ನಂಬಿದ್ದ. ಒಂದಂಕಿಯೂ ತಪ್ಪಿಲ್ಲ ಅಂತ ಬೇರೆ ಇವಳೇ ಹೇಳಿದ್ದಳು. ಹಾಗಾದರೆ ಅವನಿಗೆ ಉಳಿದದ್ದು ಒಂದೇ ತೀರ್ಮಾನ. ತನ್ನ ಕಿವಿಯೇ ಕೆಟ್ಟದ್ದು, ಇಡೀ ಸೀಮೆ ಮುಲಾಜಿಗೆ ಸುಮ್ಮನಿತ್ತು. ಬದುಕಿನಲ್ಲಿ ಇದೊಂದು ಕೆಲಸ ಚೆನ್ನಾಗಿ ಮಾಡಿದೆ ಅಂತ ಇದ್ದ ಮುದುಕನ ಕೈಯಿಂದ ಅದನ್ನೂ ಕಿತ್ತುಕೊಂಡು ಬಂದಿದ್ದಳು. ಅದೂ ಅವನದೇ ಅಕ್ಷರ ತೋರಿಸಿ.

“ದೊಡ್ಡಮ್ಮ, ಪುಸ್ತಕದಲ್ಲಿ ಅವರೇ ಬರೆದಿದಾರಲ್ಲ, ಸಾಲು ಸಾಲಿಗೂ ‘ಯಾರೂ ಬೈಯಲಿಲ್ಲ’ ಅಂತ!”

“ಅದ್ನೂ ಹೇಳ್ದೆ. ‘ಮದ್ವೆಮನೇಲಿ ಎದುರ್ಗೆ ನಿಂತು ಯಾರ್ ಬೈತಾರೆ’ ಅಂತಾರೆ.”

ಫೋನಿಟ್ಟವಳು ಕೋಡಿನ ಮುಂದೆ ಕೂತಳು. ಪಟ್ಟಿಯನ್ನು ನೋಟ್‌ಬುಕ್ಕಿನ ಜೊತೆ ಸಾಲು ಸಾಲಾಗಿ ತಾಳೆ ನೋಡಿದಳು. ತಪ್ಪಿಲ್ಲ. ಪರೀಕ್ಷೆಗಳನ್ನು ಮತ್ತೆ ಓಡಿಸಿದಳು. ಎಲ್ಲ ಹಸಿರು, ಅಂದರೆ ಪಾಸು. ಹಸಿರಾಗದೆ ಏನು, ಆ ಪರೀಕ್ಷೆಗಳನ್ನೂ ಅದೇ ಪಟ್ಟಿಯಿಂದಲೇ ಅದೇ ಪ್ರೋಗ್ರಾಮು ಬರೆದುಕೊಟ್ಟಿತ್ತು. ಆರೋಪಿಯನ್ನೇ ಸಾಕ್ಷಿಗೆ ಕರೆದಂತೆ. ಇದು ಅವಳಿಗೆ ತಿಳಿಯದ್ದೇನಲ್ಲ, ಆದರೂ ಹಸಿರು ಕಂಡರೆ ಮನಸ್ಸಿಗೆ ಒಂದು ಸಮಾಧಾನ.

ಆಫ್ತಾಬ್ ಪೆಟ್ಟಿಗೆಯನ್ನೂ ಪ್ಲಗಿನ್ನನ್ನೂ ಪಕ್ಕಪಕ್ಕದಲ್ಲಿಟ್ಟು ಎಂಟು, ಆರು, ಎರಡು, ಮೂರಕ್ಕೆ ತಿರುಗಿಸಿ ಕೇಳಿಸಿದ. ಎರಡೂ ಒಂದೇ. “ನೋಡು ಭಾನು, ಮಿಷಿನ್ನೇ ಹಿಂಗೆ. ಹಳೇದು ಅಂದ್ರೆ ಹಂಗೇ ಇರೋದು. ಕೇಳಿ ನೋಡಿ ಅಂತ ನಾವು ಕೊಟ್ಟ ಸ್ಟುಡಿಯೋದೋರೆಲ್ಲ ಖುಷಿಯಾಗಿದಾರೆ, ಹಳೇ ಕಾಲದ ಕೊಳೆ ಸಮೇತ ಬಂದಿದೆ ಅಂತ. ನಿಂಗೇನು ನೆನಪಿದೆಯೋ ಅದು ಚಿಕ್ಕವಳಾಗಿದ್ದಾಗಿನ ಕಿವಿ.”

ಅವಳಿಗೆ ಏನು ನೆನಪಿತ್ತು? ತೊಂಬತ್ತೊಂಬತ್ತರಲ್ಲಿ ಅತ್ತೆಯ ಮದುವೆ. ಬೆಳಗಿನ ಜಾವ ಕಳೆದು ಬಿಸಿಲು ಬೀಳುವ ಹೊತ್ತು. ಅಮ್ಮ ನೀರು ತರಲು ಕಳಿಸಿದ್ದಕ್ಕೆ ಒಂಬತ್ತು ವರ್ಷದ ಇವಳು ಬಿಂದಿಗೆ ಹಿಡಿದು ಕೆರೆ ಏರಿಯ ಆಚೆಯ ಬಾವಿಗೆ ಹೋಗಿದ್ದಳು. ಅಷ್ಟು ದೂರದಲ್ಲಿ ನೀರಿನ ಮೇಲಿಂದ ದೊಡ್ಡಮ್ಮನ ಹಾಡು ತೇಲಿ ಬಂತು. ಒಂದೊಂದು ಮಾತೂ ಬಿಡಿಬಿಡಿಯಾಗಿ, ಹಾಡಿನ ನಡುವೆ ದೊಡ್ಡಮ್ಮ ಉಸಿರು ಎಳೆದುಕೊಳ್ಳುವುದೂ ಕೇಳುವಷ್ಟು ತಿಳಿಯಾಗಿ. ಬಾವಿಕಟ್ಟೆಯ ಮೇಲೆ ಕೂತ ಹೆಂಗಸೊಬ್ಬಳು ‘ಈ ದನಿ ಕೇಳ್ತಾ ಇದ್ರೆ ಬಿಂದ್ಗೆ ಭಾರ ಕಾಣಾಕಿಲ್ಲ’ ಅಂದಿದ್ದಳು. ಇಪ್ಪತ್ತೈದು ವರ್ಷದಿಂದ ಭಾನುಪ್ರಿಯ ಆ ದನಿಯನ್ನು ಬೆನ್ನಟ್ಟಿಯೇ ಈ ಕೆಲಸಕ್ಕೆ ಬಂದದ್ದು ಅಂದರೂ ತಪ್ಪಿಲ್ಲ. ಅದೂ ಬರೀ ಭ್ರಮೆಯೇ? ಬಾಲ್ಯ ಎಲ್ಲದಕ್ಕೂ ಬೆಲ್ಲ ಸವರುತ್ತದೆ, ನಿಜ. ಆದರೆ ಆ ಬಾವಿಕಟ್ಟೆಯ ಹೆಂಗಸು ಮಗುವಾಗಿರಲಿಲ್ಲವಲ್ಲ. ಎರಡರಲ್ಲಿ ಒಂದು ಸುಳ್ಳಾಗಲೇಬೇಕಿತ್ತು, ನೆನಪು ಇಲ್ಲವೇ ನೋಟ್‌ಬುಕ್ಕು. ಯಾವುದು ಸುಳ್ಳಾದರೂ ಅವಳಿಗೆ ಸಂಕಟವೇ.

ಭಾನುವಾರ ಗುಜರಿಯವನು ಬರುವ ಮುಂಚೆ ಮಾಗಡಿ ಮುಟ್ಟಬೇಕು ಅಂತ ಮೊದಲ ಬಸ್ಸಿಗೇ ಹೊರಟಳು. ಈ ಸಲ ಬ್ಯಾಗಿನಲ್ಲಿ ಇನ್ನೊಂದು ವಸ್ತು ಇತ್ತು. ಟಿಫನ್ ಡಬ್ಬಿಯಷ್ಟಗಲದ ಒಂದು ಪೆಟ್ಟಿಗೆ, ಅದರ ಮುಖದಲ್ಲಿ ಸಾಲಾಗಿ ನಾಲ್ಕು ನಾಬ್. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಪ್ಲಗಿನ್ನಿನ ನಾಬ್‌ಗಳನ್ನು ಇದರಿಂದಲೇ ಕೈಯಾರೆ ತಿರುಗಿಸಬಹುದು.

ಚೆಲುವಯ್ಯ ಜಗಲಿಯ ಮೇಲೆ ಕೂತಿದ್ದ. ಕಹಳೆಗಳು ಅಟ್ಟದಿಂದ ಇಳಿದು ಅಂಗಳದಲ್ಲಿ ಬಾಯಿ ಮೇಲಾಗಿ ಬಿದ್ದಿದ್ದವು.

“ಬಾರವ್ವ” ಅಂದ. ಅಷ್ಟೇ. ಯಾವತ್ತೂ ‘ದನಿ ಸಿಕ್ತಾ ಕೋಳಿ ಕಳ್ಳಿ’ ಅಂತ ರೇಗಿಸುವವನು.

“ದೊಡ್ಡಪ್ಪ, ಪುಸ್ತಕ ಬಿಡು. ನಾನು ಹಾಕಿದ ಲೆಕ್ಕವೂ ಬಿಡು. ಇದು ನಿನ್ನ ಮಿಷಿನ್ನೇ ಅಂತ ತಿಳ್ಕೊ. ದೊಡ್ಡಮ್ಮನ ದನಿ ಬರ್ತದೆ, ನೀನೇ ತಿರುಗಿಸಿ ಸರಿ ಮಾಡು.”

“ಬ್ಯಾಡ ಕಣವ್ವ. ಆಗಿದ್ದಾಯ್ತು.”

“ಒಂದೇ ಒಂದು ಸಲ.”

“ನನ್ ಕಿವೀಗೆ ಏನೂ ತಿಳೀಯಾಕಿಲ್ಲ ಅಂತ ಗೊತ್ತಾಯ್ತಲ್ಲ, ಬುಡು.”

ಒಳಗಿನಿಂದ ವೆಂಕಟಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳಿಗೆ ಒಂದು ವಾರದ ಸಿಟ್ಟು ಒಟ್ಟಿಗೇ ಬಂದಿತ್ತು. “ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ. ತಿರುಗ್ಸಾಕೆ ಬರ್ದೇ ಇದ್ರೆ ಬರಾಕಿಲ್ಲ ಅಂತ ಹೇಳ್ಬುಡಾದು. ಮೊಗ ಮೊದ್ಲ ಬಸ್ಸಿಗೆ ಹೊಟ್ಟೆಗೂ ಇಲ್ದೆ ಬಂದೈತೆ, ಅದ್ರ ಮೊಕ ನೋಡ್ಬಾರ್ದಾ?”

ಹೆಂಡತಿ ಕೆಣಕಿದರೆ ಏಳದ ಗಂಡಸು ಮಾಗಡಿ ಸೀಮೆಯಲ್ಲಿ ಇನ್ನೂ ಹುಟ್ಟಬೇಕು. ಚೆಲುವಯ್ಯ ಗೊಣಗುತ್ತಾ ನಡುಮನೆಗೆ ಬಂದ. ಭಾನುಪ್ರಿಯ ಮೇಜಿನ ಮೇಲೆ ಪೆಟ್ಟಿಗೆಯಿಟ್ಟು, ನಾಬ್‌ಗಳ ಎದುರಿಗೆ ಕುರ್ಚಿ ಹಾಕಿದ್ದಳು. ಅವನು ಕುರ್ಚಿಯನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ. ಕುರ್ಚಿಯನ್ನು ಎತ್ತಿಕೊಂಡು ಮೇಜು ಸುತ್ತಿ ಆಚೆ ಕಡೆಗೆ ಹೋದ. ಪೆಟ್ಟಿಗೆಯ ಬೆನ್ನಿನ ಕಡೆ ಕುರ್ಚಿ ಹಾಕಿ ಕೂತ. ಎರಡು ಕೈಯನ್ನೂ ಪೆಟ್ಟಿಗೆಯ ಮೇಲಿಂದ ಮುಂದಕ್ಕೆ ಇಳಿಬಿಟ್ಟು, ನೋಡದೆಯೇ, ಬೆರಳ ತುದಿಯಲ್ಲಿ ನಾಬ್‌ಗಳನ್ನು ಹಿಡಿದುಕೊಂಡ.

“ಹೂಂ, ಹಾಕು.”

ಭಾನುಪ್ರಿಯ ಹಾಕಲಿಲ್ಲ. ನೋಡುತ್ತಾ ನಿಂತಳು.

“ದೊಡ್ಡಪ್ಪ, ಯಾಕೆ ಹಿಂದೆ ಕೂತೆ?”

“ಇನ್ನೆಲ್ಲಿ ಕೂರ್ಲಿ?”

“ನಾಬು ಈ ಕಡೆ ಇವೆಯಲ್ಲ.”

“ಮಿಷಿನ್ನಿನ ಹಿಂದ್ಗಡೆ ಕರೆಂಟು ಕಣವ್ವ. ಆ ಕಾಲದಾಗೆ ವೈರೆಲ್ಲ ಬಿಚ್ಕಂಡೇ ಇರ್ತಿದ್ವು. ಮದ್ವೆಮನೆ ಅಂದ್ರೆ ಎಷ್ಟು ಮಕ್ಳು ಓಡಾಡ್ತಾವೆ! ಒಂದು ಬಂದು ಕೈ ಹಾಕ್ಬುಟ್ರೆ? ಅದ್ಕೇ ಹಿಂದ್ಗಡೆ ನಾನೇ ಅಡ್ಡ ಕೂತ್ಕತಿದ್ದೆ. ಅಲ್ದೆ, ಮುಂದ್ಗಡೆ ಕೂತ್ರೆ ಹಾಡೋರ ಮೊಕ ಕಾಣಾಕಿಲ್ಲ. ಮೊಕ ಕಾಣ್ದೆ ದನಿ ಹೆಂಗೆ ಕೂರ್ಸೋದು?”

ಇಪ್ಪತ್ತೆಂಟು ವರ್ಷ ಆ ಮನುಷ್ಯ ತನ್ನ ಯಂತ್ರದ ಮುಖವನ್ನೇ ನೋಡದೆ ದುಡಿಸಿದ್ದ. ಎಷ್ಟಕ್ಕೆ ತಿರುಗಿದೆ ಅಂತ ತಿಳಿಯಲು ನಾಬ್‌ಗಳ ಅಂಚಿಗೆ ಅರದಿಂದ ಗೀರು ಹಾಕಿಕೊಂಡು ಬೆರಳಲ್ಲೇ ಓದುತ್ತಿದ್ದ. ಭಾನುಪ್ರಿಯ ಅದೆಷ್ಟು ಮದುವೆಗಳಲ್ಲಿ ಪೆಟ್ಟಿಗೆಯ ಕೆಂಪು ದೀಪ ನೋಡುತ್ತಾ ನಿಂತಿದ್ದಳೋ. ದೀಪದ ಮೇಲ್ಗಡೆ ದೊಡ್ಡಪ್ಪನ ಮುಖ ಇರುತ್ತಿತ್ತು, ಅವಳ ಎದುರಿಗೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಅಂತಾರಲ್ಲ, ಅದು ಇದೇ.

“ದೊಡ್ಡಪ್ಪ.” ಅವಳು ಮೇಜಿನ ಹತ್ತಿರ ಬಂದಳು. “ಪುಸ್ತಕದಲ್ಲಿ ಬರೆದಿದೀಯಲ್ಲ ನಾಲ್ಕು ಅಂಕಿ. ಮೊದಲನೇ ಅಂಕಿ ಯಾವ ನಾಬಿಂದು? ಮುಟ್ಟಿ ತೋರಿಸು.”

ಅವನು ತನ್ನ ಎಡಗೈ ಕಡೆಯದನ್ನು ಮುಟ್ಟಿದ. ಮುಂದೆ ನಿಂತ ಅವಳಿಗೆ ಅದು ಬಲಗಡೆಯ ಕೊನೆಯದು. “ಇದು. ಮೇನ್ ವಾಲ್ಯೂಮು. ಆಮೇಲಿಂದು ಟ್ರಿಬಲ್ಲು, ಬಾಸು, ಕೊನೇಗೆ ಮೈಕು. ಯಾಕೆ, ನಿಂಗೆ ಗೊತ್ತಿರ್ಲಿಲ್ವಾ?”

ಅವಳು ಅಲ್ಲೇ ನೆಲಕ್ಕೆ ಕುಕ್ಕರಿಸಿ ನಗತೊಡಗಿದಳು, ನಗುತ್ತಾ ಅಳತೊಡಗಿದಳು. ಮೈಕ್ ಮೂರಕ್ಕೆ ಇರಬೇಕಾದ ಕಡೆ ಎಂಟಕ್ಕಿತ್ತು, ಒಡಕು ಬಾರದೆ ಏನು? ಟ್ರಿಬಲ್ ಆರಕ್ಕಿರಬೇಕಾದದ್ದು ಎರಡಕ್ಕಿತ್ತು, ಗುಡಾಣವಾಗದೆ ಏನು? ಒಂದು ಸಾಲಲ್ಲ, ಇನ್ನೂರ ಹನ್ನೆರಡು ಸಾಲನ್ನೂ ಅವಳ ಪ್ರೋಗ್ರಾಮು ಚಾಚೂ ತಪ್ಪದೆ, ಅಷ್ಟೇ ನಿಷ್ಠೆಯಿಂದ ತಿರುಗುಮುರುಗಾಗಿ ಬರೆದಿಟ್ಟಿತ್ತು.

“ತಪ್ಪು ನಂದು ದೊಡ್ಡಪ್ಪ. ನಿನ್ನ ಪುಸ್ತಕವನ್ನ ನಾನು ಮುಂದುಗಡೆಯಿಂದ ಓದಿಬಿಟ್ಟೆ. ನೀನು ಹಿಂದುಗಡೆಯಿಂದ ಬರೆದಿದ್ದೆ.”

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅವಳು ಅರ್ಥ ಮಾಡಿಸುತ್ತಾ ಕೂರಲೂ ಇಲ್ಲ. ಪಟ್ಟಿ ತೆರೆದು ನಾಬ್‌ಗಳ ಎದುರಿದ್ದ ಒಂದು, ಎರಡು, ಮೂರು, ನಾಲ್ಕನ್ನು ನಾಲ್ಕು, ಮೂರು, ಎರಡು, ಒಂದು ಮಾಡಿದಳು. ಅಷ್ಟೇ ಮಾಡಿದ್ದು. ಪ್ರೋಗ್ರಾಮು ಓಡಿಸಿದಳು. ಬಾಗಿಲಲ್ಲಿ ದೊಡ್ಡಮ್ಮ ನಿಂತಲ್ಲೇ ನಿಂತಿದ್ದಳು. ಎಲ್ಲ ಸಾಲುಗಳೂ ಹೊಸದಾಗಿ ಬರೆದುಕೊಂಡವು. ದೊಡ್ಡಆಲಹಳ್ಳಿ ಆರಿಸಿ ಗುಂಡಿ ಒತ್ತಿದಳು.

ದನಿ ಬಂತು. ತಿಳಿಯಾಗಿ, ಒಂದೊಂದು ಮಾತೂ ಬಿಡಿಬಿಡಿಯಾಗಿ, ನಡುನಡುವೆ ಉಸಿರೆಳೆದುಕೊಳ್ಳುವುದೂ ಕೇಳುವ ಹಾಗೆ. ಭಾನುಪ್ರಿಯ ಕಣ್ಣು ಮುಚ್ಚಿಕೊಂಡಳು. ನೆನಪು ಸುಳ್ಳು ಹೇಳಿರಲಿಲ್ಲ.

ಚೆಲುವಯ್ಯ ಸ್ಪೀಕರಿನ ಕಡೆ ಕಿವಿ ಬಾಗಿಸಿ ಹಾಡು ಮುಗಿಯುವವರೆಗೂ ಕೇಳಿದ. ಕೊನೆಗೆ, “ಇದು” ಅಂದ. “ಇದು ಕಣವ್ವ ನಾನ್ ಕೂರ್ಸಿದ್ದು.” ಇನ್ನೊಮ್ಮೆ ಹಾಕಿಸಿ ಕೇಳಿದ. ಕುದೂರು ಹಾಕಿಸಿದ, ಸಾತನೂರು ಹಾಕಿಸಿದ. ಅಂಗಳದ ಕಡೆ ತಿರುಗಿ ಮಗನಿಗೆ ಕೂಗಿ ಹೇಳಿದ, “ಲೇ ಬಾಲರಾಜು, ಗುಜರಿಯೋನು ಬಂದ್ರೆ ಹಳೇ ಬಕೀಟಿದ್ರೆ ಕೊಟ್ಟು ಕಳ್ಸು. ಕಹಳೆ ಮುಟ್ಟಿದ್ರೆ ನೋಡು!” ಆಮೇಲೆ ಭಾನುಪ್ರಿಯಳಿಗೆ, “ನಿನ್ ಇಷ್ಟ, ಹೆಸ್ರು ಹಾಕದಾದ್ರೆ ಹಾಕು” ಅಂತ ಮೆಲ್ಲಗೆ ಸೇರಿಸಿದ.

ಕೆಲಸ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನು ವೆಂಕಟಲಕ್ಷ್ಮಮ್ಮನಿಗೆ ಮೈಕಿನ ಮುಂದೆ ಕೂರಲು ಹೇಳಿದ. ಒಲೆ ಮೇಲೆ ಸಾರಿದೆ ಅಂದಳು. ಇಳಿಸಿ ಬಾ ಅಂದ. ಅವಳು ಬಂದು ಕೂತು ಅದೇ ಸೋಬಾನೆ ಎತ್ತಿಕೊಂಡಳು. ಅವನು ಪೆಟ್ಟಿಗೆಯ ಹಿಂದುಗಡೆಯಿಂದ ಅವಳ ಮುಖವನ್ನೇ ನೋಡುತ್ತಾ ಕೇಳಿದ. ಅವನ ಹುಬ್ಬು ಗಂಟಿಕ್ಕಿತು.

“ಸರಿಯಿಲ್ವಾ ದೊಡ್ಡಪ್ಪ?” ಭಾನುಪ್ರಿಯ ಮತ್ತೆ ಪಟ್ಟಿ ತೆರೆದಳು.

“ಲೆಕ್ಕವೇನೋ ಸರೀನೇ ಐತೆ. ಆದ್ರೆ ಇದು ಎಂಬತ್ತೆರಡ್ರ ಲೆಕ್ಕ. ಆಗ ಇವ್ಳಿಗೆ ಇಪ್ಪತ್ನಾಕು ವರ್ಷ.” ಅವನ ಬೆರಳು ನಾಬ್‌ನ ಮೇಲೆ ಸರಿಯಿತು. “ಈಗ ದನಿ ಮೇಲಕ್ಕೋದಾಗ ಒಸಿ ನಡುಗ್ತೈತೆ. ಅದ್ನ ಎತ್ತಿ ತೋರಿಸ್ಬಾರ್ದು. ಟ್ರಿಬಲ್ಲು ಎಳ್ಕಬೇಕು. ಒಸಿ ಬಾಸು ಕೊಟ್ರೆ ಆಸರೆ ಆಯ್ತದೆ. ಮೈಕು ಜಾಸ್ತಿ ಮಾಡಾಣ, ಅವ್ಳು ಗಟ್ಟಿಯಾಗಿ ಹಾಡಿ ದಣೀಬಾರ್ದು.”

ತಿರುಗಿಸಿದ. ಕೇಳಿದ. ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ. ಸ್ಪೀಕರಿನಿಂದ ಬರುತ್ತಿದ್ದದ್ದು ಅರವತ್ತಾರರ ಹೆಂಗಸಿನ ದನಿಯೇ. ಆದರೆ ಅದು ಈಗ ಬಿಗುಮಾನವಿಲ್ಲದೆ, ಸುಸ್ತಿಲ್ಲದೆ, ಮನೆತುಂಬ ಹರಡಿಕೊಂಡಿತ್ತು. ವೆಂಕಟಲಕ್ಷ್ಮಮ್ಮನಿಗೇ ಅದು ಕೇಳಿ ಹಾಡುತ್ತಾ ಹಾಡುತ್ತಾ ಕತ್ತು ನೆಟ್ಟಗಾಯಿತು. ಮರದ ಮೇಲಿನ ಕಹಳೆಯಲ್ಲಿ ತನ್ನ ದನಿ ಹೇಗೆ ಕೇಳುತ್ತಿತ್ತು ಅಂತ ಅವಳಿಗೆ ತಿಳಿದದ್ದು ಅವತ್ತೇ ಮೊದಲು.

ಹಾಡು ಮುಗಿಯಿತು. “ಬರ್ಕೊ” ಅಂದ ಚೆಲುವಯ್ಯ. “ಏಳು, ನಾಕು, ಮೂರು, ಐದು.”

ಭಾನುಪ್ರಿಯ ಪಟ್ಟಿಯ ಕೊನೆಗೆ ಹೊಸ ಸಾಲು ಸೇರಿಸಿದಳು. ಇನ್ನೂರ ಹದಿಮೂರನೆಯದು. ಊರು, ಮಾಗಡಿ. ದನಿ, ವೆಂಕಟಲಕ್ಷ್ಮಮ್ಮ.

“ಏನು ಸಮಾರಂಭ ಅಂತ ಹಾಕಲಿ ದೊಡ್ಡಪ್ಪ?”

“ಸಮಾರಂಭ ಎಲ್ಲೈತೆ? ಬುಡು, ಖಾಲಿ ಇರ್ಲಿ.”

“ಖಾಲಿ ಬಿಟ್ರೆ ಪ್ರೋಗ್ರಾಮು ಮುಂದಕ್ಕೆ ಹೋಗಲ್ಲ. ಏನಾದ್ರೂ ಹಾಕಲೇಬೇಕು.”

“ಇದ್ಯಾವ ಮದ್ವೆಗೆ ಅಂತ ಬರೆಸ್ತಾ ಇರಾದು?” ವೆಂಕಟಲಕ್ಷ್ಮಮ್ಮ ಕಣ್ಣು ಒರೆಸಿಕೊಂಡು ನಕ್ಕಳು. “ಇನ್ಮೇಲೆ ನನ್ನ ಯಾರು ಕರೀತಾರೆ ಸೋಬಾನೆಗೆ?”

ಚೆಲುವಯ್ಯ ಕೈಗಳನ್ನು ಪೆಟ್ಟಿಗೆಯ ಮೇಲೆ ಹಾಗೇ ಇಟ್ಟುಕೊಂಡು ಹೆಂಡತಿಯ ಮುಖ ನೋಡಿದ.

“ದಿನಾ ಅಂತ ಬರಿ” ಅಂದ.

ಭಾನುಪ್ರಿಯ ಬರೆದಳು. ದಿನಾ ಹಾಡುತ್ತಾ ಕೂತರೆ ಮುದ್ದೆ ಯಾರು ತಿರುವುತ್ತಾರೆ ಅಂತ ವೆಂಕಟಲಕ್ಷ್ಮಮ್ಮ ಗಂಡನ ಮೇಲೆ ಹರಿಹಾಯ್ದಳು. ಆದರೆ ಮೈಕಿನ ಮುಂದಿಂದ ಏಳಲಿಲ್ಲ.